ಖಾಲಿ ಕಪಾಟಿಗೆ ಕೆಂಪು ಬೀಗ

ಫೆಬ್ರವರಿ ಇಪ್ಪತ್ತೈದರ ಬೆಳಿಗ್ಗೆ ಚಾರಣ ಕ್ಲಬ್ಬಿನ ಮುಖ್ಯಸ್ಥ ಸ್ಯಾಮುವೆಲ್, ಕೊಲ್ಲಿ ನಾಡಿನ ಮಿರ್ಕಾಬ್ ಪೊಲೀಸ್ ಠಾಣೆಗೆ ಏದುಸಿರು ಬಿಡುತ್ತ ಬಂದ. ಕ್ಲಬ್ಬಿನ ಕಪಾಟಿಗೆ ಯಾರೋ ಕೆಂಪು ಬೀಗ ಜಡಿದಿದ್ದರು. ಒಡೆದು ನೋಡಿದರೆ, ಪ್ರವಾಸಕ್ಕೆಂದು ಅಲ್ಲಿಟ್ಟಿದ್ದ ಏಳು ಜನರ ಪಾಸ್‌ಪೋರ್ಟ್ ಮಾಯ. ಮಧ್ಯಾಹ್ನವೇ ಜಾರ್ಜಿಯಾಕ್ಕೆ ವಿಮಾನ, ಅಲ್ಲಿ ಹಿಮಪರ್ವತ ಚಾರಣ. ನಮ್ಮೂರಿನ ಎಫ್‌ಐಆರ್‌ಗೆ ಇಲ್ಲಿ ಹೆಸರು ಬೇರೆ, ತಲೆನೋವು ಅದೇ. ದೂರನ್ನು ಅರಬ್ಬಿಗೆ ತಿರುಗಿಸಿದ ದುಭಾಷಿ ಡೆನಿಸ್, ಆ ಏಳರಲ್ಲಿ ತನ್ನ ಮಗಳು ರಿಯೋನಾಳದೂ ಇದೆ ಎಂದು ಮೊದಲೇ ಹೇಳಿಬಿಟ್ಟ.

"ಬೇರೆ ದುಭಾಷಿ ರಜೆಯಲ್ಲಿದ್ದಾನೆ. ಯಲ್ಲಾ, ನೀನೇ ನಡೆ!" ಎಂದ ಇನ್‌ಸ್ಪೆಕ್ಟರ್ ತಾಹಿರ್.

ಪಂಚನಾಮೆ ನಡೆಯಿತು. ಕ್ಲಬ್ಬಿನ ಬಾಗಿಲು ಮುರಿದಿರಲಿಲ್ಲ.

"ಖಾಲಿ ಕಪಾಟಿಗೆ ಬೀಗ ಹಾಕುವ ಕಳ್ಳ ಯಾರು?" ಎಂದ ತಾಹಿರ್.

ಡೆನಿಸ್ ಬೀಗವನ್ನು ತಿರುಗಿಸಿ ನೋಡಿದ. "ಮೀನಾ ಅಲ್ ಅಹ್ಮದಿ ತೈಲ ರಿಫೈನರಿಯಲ್ಲಿ ಅಪಾಯದ ಯಂತ್ರ ನಿಲ್ಲಿಸಿದರೆ, ಯಾರೂ ಚಾಲೂ ಮಾಡಬಾರದು ಅಂತ ಇದನ್ನು ಹಾಕ್ತಾರೆ ಸರ್. ಹಾಕಿದವರೇ ತೆಗೀಬೇಕು."

ಕ್ಲಬ್ಬಿನಲ್ಲಿ ರಿಫೈನರಿಯವಳು ಒಬ್ಬಳೇ: ಬಾಗಲಕೋಟೆಯ ವಿಜಯಶ್ರೀ, ಸುರಕ್ಷತಾ ಎಂಜಿನಿಯರ್. ಕ್ಲಬ್ಬಿನ ಕೀಲಿಯೂ ಅವಳ ಬಳಿ ಇತ್ತು. ಅವಳ ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

"ವಿಮಾನ ಹೋತೇನ್ರಿ?" ಬಾಗಿಲು ತೆರೆದವಳೇ ಕೇಳಿದಳು.

"ಹೋಯ್ತು," ಎಂದ ಡೆನಿಸ್.

ಅವಳು ಜೋಳದ ಹಿಟ್ಟಿನ ಡಬ್ಬಿಯಿಂದ ಏಳೂ ಪಾಸ್‌ಪೋರ್ಟ್ ತೆಗೆದು, ಒರೆಸಿ ಕೊಟ್ಟಳು. ತಾಹಿರ್ ಕೇಳಿದ್ದನ್ನು ಡೆನಿಸ್ ಕನ್ನಡಕ್ಕೆ ತಿರುಗಿಸುತ್ತ ಹೋದ.

"ಯಾಕೆ ಕದ್ದೆ?"

"ಅಲ್ಲಿ ಹಳೇ ಹಿಮ ಒಳಗ ಸಕ್ಕರಿ ಹಂಗ ಸಡಲ ಆಗೈತ್ರಿ. ಅದರ ಮ್ಯಾಲ ಗಾಳಿ ಹೊಸಾ ಹಿಮ ತಂದು ಒಟ್ಟೈತಿ. ಅಪಾಯ ಐದರಾಗ ನಾಕನೇ ಮಟ್ಟ ಅಂತ ಅಲ್ಲಿಯವರ ಹೇಳ್ಯಾರ. ಒಬ್ರು ಕಾಲಿಟ್ರ ಇಡೀ ಇಳಿಜಾರು ಕುಸೀತೈತಿ."

"ಹೇಳಬಹುದಿತ್ತಲ್ಲ?"

"ಬಾಯಿ ಒಣಗೂ ಮಟ ಹೇಳೀನ್ರಿ. ಸ್ಯಾಮುವೆಲ್ ಅಣ್ಣಾರು, ಟಿಕೆಟ್ ಆಗೈತಿ, ಖಲಾಸ್ ಅಂದ್ರು."

"ಮತ್ತೆ ಬೀಗ?"

ಅವಳು ಮೊದಲ ಸಲ ನಾಚಿದಳು. "ಕೈ ರೂಢಿ ರೀ. ಅಪಾಯ ಕಂಡಲ್ಲಿ ಬೀಗ ಹಾಕದ ಬರಾಕ ಆಗಂಗಿಲ್ಲ."

"ಹಿಮ ಕುಸಿಯದೇ ಹೋದರೆ?"

"ಇನ್ನೂ ಚಲೋ ಆತಲ್ರಿ. ಹೆಂಗೂ ಎಲ್ಲಾರೂ ಮನಿಯಾಗ ಅದಾರ."

ಇದನ್ನು ಅರಬ್ಬಿಗೆ ತಿರುಗಿಸುವಾಗ ಡೆನಿಸ್ ಒಂದು ಪದವನ್ನೂ ಬಿಡಲಿಲ್ಲ. ತನ್ನ ನಾಡಿನ ಹೆಣ್ಣುಮಗಳು ಹೀಗೆ ತಲೆಯೆತ್ತಿ ತಪ್ಪೊಪ್ಪಿಕೊಂಡದ್ದಕ್ಕೆ ಅವನ ಎದೆಯುಬ್ಬಿತು. ತಾಹಿರ್ ಅವಳನ್ನು ಬಂಧಿಸಿದ. ಕೈಕೋಳ ಮಾತ್ರ ಜೇಬಿನಲ್ಲೇ ಉಳಿಯಿತು. ವರದಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ಅವನು ಬರೆಸಿದ್ದು ಇಷ್ಟೇ: ತನಗೆ ಗೊತ್ತಿದ್ದೂ ಯಾರಿಗೂ ಪೆಟ್ಟಾಗಬಾರದೆಂದು.

ಸಂಜೆ ರಿಯೋನಾಳ ಫೋನು. ಸಿಟ್ಟಿನಲ್ಲಿದ್ದಳು. "ಡ್ಯಾಡ್, ಥೀಫ್ ಸಿಕ್ಕಿದ್ರಾ?"

"ಸಿಕ್ಕಿದಳು ಮಗಾ. ಅವಳಿಗೆ ಜಾಮೀನು ನಿಲ್ಲೋದು ನಾನೇ. ನೀನೂ ಠಾಣೆಗೆ ಬಾ."