ಕಳೆದುಹೋಗದ ಕೀ

"ನನ್ನ ಕಾರನ್ನ ನಾನೇ ಕದೀತೀನಾ?!"

ಪಾರ್ಕಿಂಗ್ ಗೋಡೆಗಳಿಗೆ ಬಡಿದು ಅವಳ ದನಿ ಎರಡೆರಡು ಸಲ ಕೇಳಿಸಿತು. ಎದುರಿಗಿದ್ದ ಕೀ ಮಾಡುವವನು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಕದಿಯೋರೂ ಹೀಗೇ ಕೂಗ್ತಾರೆ ಮೇಡಂ. ಗಾಡಿ ಕಾಗದ, ನಿಮ್ಮ ಗುರುತಿನ ಚೀಟಿ... ಎರಡೂ ತೋರಿಸಿ. ಆಮೇಲೆ ನನ್ನ ಸಾಮಾನಿನ ಪೆಟ್ಟಿಗೆ ತೆಗೀತೀನಿ."

'ಅಬ್ಬಾ, ಏನು ಜಂಭ! ರೂಲ್ಸ್ ರಾಯರು!' ಎಂದು ಮನಸ್ಸಿನಲ್ಲೇ ಹೆಸರಿಟ್ಟು, ಅವಳು ದುಮುಗುಡುತ್ತ ಮೂರು ಮಹಡಿ ಹತ್ತಿದಳು.

ಅವಳು ಹೆಂಗಸರಿಗೆ ಕಾರು ಓಡಿಸಲು ಕಲಿಸುವವಳು. ಬೀದಿಗೆಲ್ಲ 'ಟೀಚರ್'. ಏಳು ವರ್ಷ ಬೇರೆಯವರ ಡ್ರೈವಿಂಗ್ ಶಾಲೆಯಲ್ಲಿ ಗಂಟಲು ಹರಿದುಕೊಂಡು ದುಡಿದು ಕೊಂಡ ಪುಟ್ಟ ಬಿಳಿ ಕಾರು ಅದು. ಪಕ್ಕದ ಸೀಟಿನ ಕೆಳಗೆ ಎರಡನೇ ಬ್ರೇಕ್ ಕೂಡ ಹಾಕಿಸಿದ್ದಳು. ನಾಳೆ ಬೆಳಿಗ್ಗೆ ಆರಕ್ಕೆ ಅವಳ ಸ್ವಂತ ಶಾಲೆಯ ಮೊದಲ ನಾಲ್ಕು ಶಿಷ್ಯೆಯರು ಬರುವವರಿದ್ದರು.

ಆದರೆ ಕೀ ಇಲ್ಲ!

ಕಳೆದುಹೋಗಿದೆ ಎಂದು ಅವಳು ಕೀ ಮಾಡುವವನಿಗೆ ಫೋನಿನಲ್ಲಿ ಹೇಳಿದ್ದು ಹಸಿ ಸುಳ್ಳು. ಎರಡೂ ಕೀ ಅವಳ ಅಣ್ಣನ ಜೇಬಿನಲ್ಲಿದ್ದವು. "ರಸ್ತೆಲಿ ನಿಂತು ಡ್ರೈವಿಂಗ್ ಹೇಳಿಕೊಡ್ತಾಳಂತೆ! ನಾಲ್ಕು ಜನ ಏನಂತಾರೆ? ಈ ಕಾರು ಮಾರಿಬಿಡೋಣ" ಎಂದು ಅವನು ಹಿಂದಿನ ದಿನ ಮೇಜಿನ ಮೇಲಿದ್ದ ಕೀಗಳನ್ನು ಎತ್ತಿಕೊಂಡು ಹೋಗಿದ್ದ. ಅಮ್ಮ ತಲೆಯೆತ್ತದೆ ಪಾತ್ರೆ ಒರೆಸುತ್ತಿದ್ದಳು. ಒಡಹುಟ್ಟಿದವನೇ ಕಿತ್ತುಕೊಂಡ ಎಂದು ಹೊರಗಿನವರ ಮುಂದೆ ಹೇಗೆ ಹೇಳುವುದು?

ಅವಳು ಕಾಗದ, ಗುರುತಿನ ಚೀಟಿ ತಂದು ಕೀ ಮಾಡುವವನ ಮುಖಕ್ಕೆ ಹಿಡಿದಳು. ಅವನು ಫೋಟೋ ನೋಡಿದ, ಅವಳನ್ನು ನೋಡಿದ. ಮತ್ತೆ ಫೋಟೋ ನೋಡಿದ. ಅವಳಿಗೆ ಮೈಯೆಲ್ಲ ಉರಿಯಿತು.

ಆದರೆ ಕೆಲಸಕ್ಕೆ ಕೂತಾಗ ಅವನು ಬೇರೆಯೇ ಮನುಷ್ಯನಾದ. ಯಂತ್ರದಲ್ಲಿ ಹೊಸ ಕೀ ಕೊರೆದು ಅವಳ ಕೈಗಿಟ್ಟ. ಬಾಗಿಲು ತೆರೆಯಿತು. ತಿರುಗಿಸಿದಳು, ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಲೇ ಇತ್ತು.

"ಕೆಟ್ಟೋಯ್ತಾ?!"

"ಇಲ್ಲ. ಬರೀ ಲೋಹ ನೋಡಿ ಒಪ್ಪಲ್ಲ ಇದು. ಕೀ ತಲೆಯೊಳಗೆ ಒಂದು ಚಿಪ್ ಇರತ್ತೆ, ಅದಕ್ಕೊಂದು ಗುಟ್ಟಿನ ನಂಬರ್. ಗಾಡಿ ಕೇಳತ್ತೆ, ಚಿಪ್ ಉತ್ತರ ಕೊಡತ್ತೆ. ಉತ್ತರ ಸರಿಯಿದ್ರೆ ಮಾತ್ರ ಎಂಜಿನ್." ಅವನು ಸ್ಟೇರಿಂಗ್ ಕೆಳಗೆ ಒಂದು ಪುಟ್ಟ ಪೆಟ್ಟಿಗೆ ಜೋಡಿಸಿದ. "ಈಗ ಗಾಡಿಗೆ ಈ ಕೀ ಪರಿಚಯ ಮಾಡಿಸ್ತೀನಿ. ಕಳೆದುಹೋದ ಎರಡನ್ನ ಅದರ ನೆನಪಿಂದ ಅಳಿಸ್ಲಾ? ಅಳಿಸಿದ್ರೆ, ಯಾರ ಕೈಗೆ ಸಿಕ್ಕಿದ್ರೂ ಅವು ಬರೀ ತಗಡು."

ಅಣ್ಣನ ಕೀ ಸಾಯಿಸುವುದಾ?

"ಬೇಡ... ಇರ್ಲಿ ಬಿಡಿ."

ಅವನು ಒಂದು ಕ್ಷಣ ಅವಳನ್ನೇ ನೋಡಿ, ಚೀಟಿಯೊಂದರ ಮೇಲೆ 'ಹಳೆ ಕೀ ಅಳಿಸಿಲ್ಲ, ಮಾಲೀಕರ ಮಾತಿನಂತೆ' ಎಂದು ಬರೆದು ಸಹಿ ಹಾಕಿಸಿಕೊಂಡ.

ಮರುದಿನ ಆರಕ್ಕೆ ಪಾಠ ಶುರುವಾಯಿತು! 'ಎರಡು ದಿನದ ಹುಚ್ಚು' ಎಂದು ಅಣ್ಣ ಗೊಣಗಿದ.

ಕೀ ಮಾಡುವವನ ಅಂಗಡಿ ಅವಳ ಪಾಠದ ದಾರಿಯಲ್ಲೇ ಇತ್ತು. ಮೊದಲ ವಾರ ಅವನು ತಲೆಯಾಡಿಸುತ್ತಿದ್ದ. ಎರಡನೇ ವಾರ ನಗುತ್ತಿದ್ದ. ಮೂರನೆಯ ವಾರ, ಅವನು ಹೊರಗೆ ಕಾಣದ ದಿನ ಅವಳು ಗೇರ್ ತಪ್ಪು ಹಾಕಿ ಶಿಷ್ಯೆಯರಿಂದ ನಗೆಪಾಟಲಿಗೆ ಈಡಾದಳು. 'ಛೆ, ಈ ರೂಲ್ಸ್ ರಾಯರು ನನ್ನ ತಲೆ ಕೆಡಿಸಿದರಲ್ಲ...' ಎಂದುಕೊಂಡಳು. ಬೇಸರವೇನೂ ಆಗಲಿಲ್ಲ.

ಆ ಸಂಜೆ ಅವನ ಅಂಗಡಿಯ ಮುಂದೆ ಬ್ರೇಕ್ ತುಳಿದಳು. ಒಳಗೆ ಅಣ್ಣ ನಿಂತಿದ್ದ! ಕೈಯಲ್ಲಿ ಅವಳ ಕಾರಿನ ಹಳೆ ಕೀ. ಇಬ್ಬರೂ ತಲೆ ಹತ್ತಿರ ತಂದು ಮಾತಾಡುತ್ತಿದ್ದರು. ಅವಳು ಇಳಿಯದೆ ಮನೆಗೆ ಹೋದಳು.

ಬೆಳಗಾದಾಗ ಪಾರ್ಕಿಂಗ್‌ನಲ್ಲಿ ಕಾರಿರಲಿಲ್ಲ.

ಅವಳು ಅಂಗಡಿಗೆ ಬಿರುಗಾಳಿಯಂತೆ ನುಗ್ಗಿದಳು. "ನಿಮ್ಮ ರೂಲ್ಸ್ ಎಲ್ಲ ನನಗೆ ಮಾತ್ರಾನಾ? ಅಣ್ಣ ಬಂದ ತಕ್ಷಣ ಕೈ ಜೋಡಿಸಿಬಿಟ್ರಾ? ನಿಮ್ಮನ್ನ ನಂಬಿದೆನಲ್ಲ... ನನ್ನ ಬುದ್ಧಿಗೆ ಏನು ಹೇಳ್ಬೇಕು!"

ಅವನ ಮುಖ ಸಪ್ಪಗಾಯಿತು. ಆದರೂ ದನಿ ಏರಿಸಲಿಲ್ಲ.

"ನಿಮ್ಮ ಹೊಸ ಕೀ ಅಳಿಸ್ಬೇಕು ಅಂತ ಬಂದಿದ್ರು. ಗಾಡಿ ಯಾರ ಹೆಸರಲ್ಲಿದೆಯೋ ಅವರು ಪಕ್ಕದಲ್ಲಿ ನಿಲ್ಲದೆ ನಾನು ಪೆಟ್ಟಿಗೆ ತೆಗೆಯಲ್ಲ ಅಂದೆ. ಬೈದು ಹೋದ್ರು. ನಿಮಗೆ ಹೇಳೋಣ ಅಂತ ಎರಡು ಸಲ ಫೋನ್ ಮಾಡ್ದೆ, ನೀವು ಎತ್ತಲಿಲ್ಲ." ಅವನು ಡ್ರಾಯರಿನಿಂದ ಆ ಹಳೆಯ ಚೀಟಿ ತೆಗೆದಿಟ್ಟ. "ಅವರ ಕೀ ಇನ್ನೂ ಜೀವಂತ ಇದೆ. ಇರ್ಲಿ ಅಂದಿದ್ದು ನೀವೇ."

ತನ್ನದೇ ಸಹಿ ಅವಳ ಕಣ್ಣಿಗೆ ಚುಚ್ಚಿತು. ರಾತ್ರಿ ಸಿಟ್ಟಿನಲ್ಲಿ ಫೋನ್ ಮಗುಚಿ ಇಟ್ಟಿದ್ದು ನೆನಪಾಗಿ ನಾಚಿಕೆಯಾಯಿತು.

"ಕೀ ಕಳೆದಿರಲಿಲ್ಲ" ಎಂದಳು ಕೊನೆಗೆ. "ಅಣ್ಣ ಕಿತ್ಕೊಂಡಿದ್ದ."

"ಗೊತ್ತಿತ್ತು."

"ಹೇಗೆ?!"

"ಕೀ ಕಳೆದವರು ನನ್ನ ಮುಂದೆ ನಿಂತೂ ಚೀಲ ತಡಕಾಡ್ತಾನೇ ಇರ್ತಾರೆ. ನೀವು ಒಂದ್ಸಲನೂ ಹುಡುಕಲಿಲ್ಲ. ಆದ್ರೆ ಆ ಮಾತು ನಿಮ್ಮ ಬಾಯಿಂದ ಬರ್ಬೇಕಿತ್ತು."

ಅವಳು ಕಣ್ಣೊರೆಸಿಕೊಂಡಳು. "ಪೆಟ್ಟಿಗೆ ತಗೊಳ್ಳಿ. ಮಾಲೀಕಳು ಪಕ್ಕದಲ್ಲೇ ನಿಂತಿರ್ತೀನಿ!"

ಅಣ್ಣನ ಟೈಲ್ಸ್ ಅಂಗಡಿಯ ಮುಂದೆ ಬಿಳಿ ಕಾರು ನಿಂತಿತ್ತು. ಅದನ್ನು ಕೊಳ್ಳಲು ಬಂದ ಮುದುಕರೊಬ್ಬರು ಟೈರನ್ನು ಒದ್ದು ನೋಡುತ್ತಿದ್ದರು. ಅವಳು ತನ್ನ ಕೀಯಿಂದ ಬಾಗಿಲು ತೆರೆದು ಸೀಟಿನಲ್ಲಿ ಕುಳಿತೇಬಿಟ್ಟಳು.

"ಏಯ್, ಇಳಿ ಕೆಳಗೆ! ಯಾರು ಇವನು?" ಅಣ್ಣ ಓಡಿ ಬಂದ.

"ಕಾಗದ ನನ್ನ ಹೆಸರಲ್ಲಿದೆ ಅಣ್ಣ. ದುಡಿದಿದ್ದು ನಾನು. ನಾನು ಮಾರಲ್ಲ."

ಕೀ ಮಾಡುವವನು ಪೆಟ್ಟಿಗೆ ಜೋಡಿಸಿ ಅವಳ ಮುಖ ನೋಡಿದ. "ಅಳಿಸೋವಾಗ ಎದುರಿಗಿರೋ ಕೀ ಮಾತ್ರ ಗಾಡಿಗೆ ನೆನಪುಳಿಯತ್ತೆ. ಉಳಿದದ್ದು ಅಳಿಸ್ಲಾ ಮಾಲೀಕರೇ?"

ಅವಳು ಅಣ್ಣನನ್ನೇ ನೋಡುತ್ತ ಹೇಳಿದಳು. "ಅಳಿಸಿ."

ಎರಡೇ ನಿಮಿಷ. ಅವಳು ಇಳಿದು ದಾರಿ ಬಿಟ್ಟಳು. ಅಣ್ಣ ದಬಕ್ಕನೆ ಕೂತು ತನ್ನ ಕೀ ತಿರುಗಿಸಿದ, ಇನ್ನೊಂದನ್ನೂ ತಿರುಗಿಸಿದ. ಕೆಂಪು ದೀಪ ಮಿಟುಕಿತೇ ಹೊರತು ಎಂಜಿನ್ ಉಸಿರೆತ್ತಲಿಲ್ಲ. ಮುದುಕರು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ನನ್ನ ಕಾರಲ್ಲಿ ನಿನಗೆ ಯಾವತ್ತೂ ಜಾಗ ಇದೆ ಅಣ್ಣ. ಪಕ್ಕದ ಸೀಟಲ್ಲಿ. ಬ್ರೇಕ್ ಮಾತ್ರ ಮುಟ್ಟಬೇಡ."

ಅಣ್ಣ ಮುಖ ಊದಿಸಿಕೊಂಡು ಇಳಿದು ಅಂಗಡಿಯೊಳಗೆ ಹೋದ. ಕೀ ಮಾಡುವವನು ಪಕ್ಕದ ಸೀಟಿನಲ್ಲಿ ಕುಳಿತ. ಎರಡು ತಿರುವು ದಾಟಿದ ಮೇಲೆ ಅವಳು ಕಾರನ್ನು ಬದಿಗೆ ನಿಲ್ಲಿಸಿ ಮನಸಾರೆ ಅತ್ತಳು. ಅವನು ತನ್ನ ಜೇಬಿನಲ್ಲಿದ್ದ ಕೈ ಒರೆಸುವ ಬಟ್ಟೆ ಕೊಟ್ಟ.

"ಥೂ... ಎಣ್ಣೆ ವಾಸನೆ!"

"ಬೇರೆ ಇಲ್ಲ. ಟೀಚರ್, ಒಂದು ನಿಜ ಹೇಳ್ಲಾ? ನನಗೆ ಕಾರು ಓಡಿಸೋಕೆ ಬರಲ್ಲ."

"ಏನು?!"

"ಸಾವಿರ ಗಾಡಿ ಸ್ಟಾರ್ಟ್ ಮಾಡಿರ್ಬಹುದು. ಒಂದನ್ನೂ ಹತ್ತಡಿ ಓಡಿಸಿಲ್ಲ. ನೀವು ಕಲಿಸಿದ್ರೆ..."

"ನಾನು ಹೆಂಗಸರಿಗೆ ಮಾತ್ರ ಕಲಿಸೋದು. ರೂಲ್ಸ್!"

ಅವನು ನಕ್ಕ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟ. "ದಿನಾ ನಿಮ್ಮ ಕಾರು ನೋಡೋಕೇ ಅಷ್ಟು ಬೆಳಿಗ್ಗೆ ಅಂಗಡಿ ತೆಗೀತೀನಿ. ಆರಕ್ಕೆ ಯಾರೂ ಕೀ ಮಾಡಿಸೋಕೆ ಬರಲ್ಲ. ನನಗೆ ನೀವಂದ್ರೆ ಇಷ್ಟ... ತುಂಬಾ."

ಅವಳ ಕೆನ್ನೆ ಬಿಸಿಯಾಯಿತು. ಗಂಭೀರವಾಗಿ ಕೈ ಚಾಚಿದಳು. "ಗುರುತಿನ ಚೀಟಿ?"

ಅವನು ನಿಜವಾಗಿಯೂ ತೆಗೆದು ಕೊಟ್ಟ! ಅವಳು ಫೋಟೋ ನೋಡಿದಳು, ಅವನನ್ನು ನೋಡಿದಳು. ಅವನನ್ನು ನೋಡಿದ್ದೇ ಹೆಚ್ಚು.

"ನಾಳೆ ಐದೂವರೆಗೆ ಬನ್ನಿ. ಒಂದು ನಿಮಿಷ ತಡವಾದ್ರೂ ನಿಮ್ಮನ್ನೂ ಅಳಿಸಿಬಿಡ್ತೀನಿ."

"ಎದುರಿಗಿರೋ ಕೀನ ಅಳಿಸೋಕಾಗಲ್ಲ ಟೀಚರ್" ಎಂದು ಅವನು ಅವಳ ಕೈ ಹಿಡಿದುಕೊಂಡ.