ಡಿಸ್ಕ್ ಬ್ರೇಕ್ ಹಾಕಿದ ಹುಡುಗಿ

ಮಳೆಯಲ್ಲಿ ತೊಯ್ದ ಸೈಕಲ್ಲೊಂದು ಜಾರುತ್ತ ಬಂದು ಅಂಗಡಿಯ ಮುಂದಿದ್ದ ಹಳೆಯ ಟೈರುಗಳ ರಾಶಿಗೆ ಗುದ್ದಿತು. ಅದರ ಮೇಲಿದ್ದವನು ಹಾರಿ ಉಮಾಶ್ರೀಯ ಕಾಲ ಬಳಿ ಬಿದ್ದ.

"ಬ್ರೇಕ್ ಹಿಡೀಲಿಲ್ರಿ..." ಎಂದ, ಮುಖದ ಕೆಸರು ಒರೆಸಿಕೊಳ್ಳುತ್ತ.

"ರಿಮ್ಮಿಗೆ ಕೆಸರು ಮೆತ್ತೇತಲ್ರಿ, ರಬ್ಬರ್ ಹೆಂಗ ಹಿಡಿತೈತಿ? ಕೂಡ್ರಿ, ಮೊಣಕಾಲು ಒಡದೈತಿ."

ಅವನು ಕೂರದೆ ಒಳಗೆ ಇಣುಕಿದ. "ಮಿಸ್ತ್ರಿ ಎಲ್ಲದಾರ್ರಿ?"

"ನಾನ ಮಿಸ್ತ್ರಿ."

ಅವನ ಕಣ್ಣುಗಳು ಅವಳ ಗ್ರೀಸು ಮೆತ್ತಿದ ಕೈಗಳ ಮೇಲೆ ನಿಂತವು. ಉಮಾಶ್ರೀಗೆ ಯಾಕೋ ಆ ಕೈಗಳನ್ನು ಮುಚ್ಚಿಕೊಳ್ಳಬೇಕೆನಿಸಿತು.

ಅದು 2008. ಅಪ್ಪ ತೀರಿಕೊಂಡ ಮೇಲೆ ಬೈಲಹೊಂಗಲದ ಆ ಸೈಕಲ್ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಬಿದ್ದವನು ಮುರಗೋಡದ ವಿರೂಪಾಕ್ಷ. ಗುಡ್ಡ ಹತ್ತಿಳಿಯುವ ಸೈಕಲ್ ರೇಸಿಗೆ ಧಾರವಾಡದಲ್ಲಿ ಆಯ್ಕೆ ನಡೆಯುವುದಿತ್ತು. ಅವನಿಗೆ ಹಗಲೂ ರಾತ್ರಿ ಅದೇ ಧ್ಯಾನ.

"ಇದಕ್ಕ ಡಿಸ್ಕ್ ಬ್ರೇಕ್ ಹಾಕಿ ಕೊಡ್ರಿ."

"ಬರೂದಿಲ್ರಿ. ಮುಂದಿನ ಗಾಲಿ ಹಿಡಿಯೂ ಈ ಫೋರ್ಕಿನ್ಯಾಗ ಡಿಸ್ಕ್ ಬ್ರೇಕ್ ಕೂಡಸಾಕ ಜಾಗಾನ ಇಲ್ಲ. ವೆಲ್ಡಿಂಗ್ ಮಾಡಿ ಕೂಡಿಸಿದ್ರ ಮುರದು ಜೀವಕ್ಕ ಬರತೈತಿ."

"ಕೈಲಾಗೂದಿಲ್ಲ ಅಂತ ಹೇಳ್ರಿ, ಮುಗೀತು."

ಆ ಮಾತು ಅವಳನ್ನು ಚುಚ್ಚಿತು. ಬೆಳಗಾವಿಗೆ ಹೋಗಿ ಬೇರೆ ಫೋರ್ಕು, ನಡುವೆ ಉಕ್ಕಿನ ತಟ್ಟೆ ಕೂರುವ ಮುಂದಿನ ಗಾಲಿ, ರಿಮ್ಮಿನ ಬದಲು ಆ ತಟ್ಟೆಯನ್ನೇ ಕಚ್ಚಿ ಹಿಡಿಯುವ ಬ್ರೇಕು ಹುಡುಕಿ ತಂದಳು. ಅವನು ದಿನಾ ಸಂಜೆ ಬಂದು ಕೂರತೊಡಗಿದ. ಮೊದಲು ಸೈಕಲ್ಲನ್ನು ನೋಡುತ್ತಿದ್ದವನು ಆಮೇಲಾಮೇಲೆ ಅವಳನ್ನೇ ನೋಡುತ್ತಿದ್ದ. ಅವಳೂ ಕೆಲಸವನ್ನು ಬೇಕೆಂದೇ ನಿಧಾನ ಮಾಡಿದಳು...

ಸೈಕಲ್ ಕೊಡುವಾಗ ಹೇಳಿದಳು, "ಇದು ಭಾಳ ಗಟ್ಟಿ ಹಿಡಿತೈತಿ. ಒಂದ ಬೆರಳು ಸಾಕು. ಕೈ ಪಳಗೂಮಟ ಗುಡ್ಡಾ ಇಳೀಬ್ಯಾಡ್ರಿ."

"ನೀವು ಹೇಳಿದ ಮ್ಯಾಲ ಮುಗೀತ್ರಿ," ಎಂದು ನಕ್ಕು ಹೋದ.

ಆ ವಾರವೇ ಸುದ್ದಿ ಬಂತು. ಸವದತ್ತಿ ಗುಡ್ಡದ ಇಳಿಜಾರಿನಲ್ಲಿ ವಿರೂಪಾಕ್ಷ ಬಿದ್ದಿದ್ದ. ದವಡೆ ಮುರಿದಿತ್ತು. ಪ್ರಜ್ಞೆ ಇರಲಿಲ್ಲ.

ಧಾರವಾಡದ ಆಸ್ಪತ್ರೆಗೆ ಓಡಿದ ಉಮಾಶ್ರೀಯನ್ನು ಅವನ ತಾಯಿ ಸಾವಿತ್ರೆವ್ವ ಬಾಗಿಲಲ್ಲೇ ತಡೆದಳು.

"ನೀನ ಅಲ್ಲ ಆ ಬ್ರೇಕ್ ಹಾಕಿದಾಕಿ? ಹೋಗವ್ವ. ನನ್ನ ಮಗನ್ನ ಉಳಿಸಿಕೊಳ್ಳಾಕರ ಬಿಡು."

ಅವಳ ಭುಜದಾಚೆ ಬಿಳಿ ಬಟ್ಟೆ ಸುತ್ತಿದ ತಲೆಯೊಂದು ಕಂಡಿತು. ಅಷ್ಟೇ.

'ಬೋಲ್ಟು ಬಿಗಿ ಮಾಡಿದ್ದೆನೋ ಇಲ್ಲವೋ? ಕೇಬಲ್ಲು ಬಿಚ್ಚಿಕೊಂಡಿತೇ?' ಎಷ್ಟು ನೆನೆದರೂ ಖಾತ್ರಿಯಾಗಲಿಲ್ಲ. ಸೈಕಲ್ಲನ್ನಾದರೂ ನೋಡೋಣವೆಂದರೆ ಅವನ ಮನೆಯವರು ಅದನ್ನು ಗುಜರಿಗೆ ಹಾಕಿಬಿಟ್ಟಿದ್ದರು. ಇನ್ನು ನಿಜ ತಿಳಿಯುವ ದಾರಿಯೇ ಇರಲಿಲ್ಲ.

ವಿರೂಪಾಕ್ಷನಿಗೆ ಪ್ರಜ್ಞೆ ಬಂದ ಸುದ್ದಿ ಬಂತು, ಆದರೆ ಅವನಿಂದ ಒಂದು ಮಾತೂ ಬರಲಿಲ್ಲ. 'ಅವರೂ ನನ್ನನ್ನೇ ದೂರುತ್ತಿರಬೇಕು...'

ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಬಿಗಿದ ಬೋಲ್ಟನ್ನೇ ಅವಳು ಮತ್ತೆ ಮತ್ತೆ ಬಿಗಿದು ನೋಡುತ್ತಿದ್ದಳು. ಕೊನೆಗೆ ಅಂಗಡಿಗೆ ಕೀಲಿ ಜಡಿದು ಮನೆಯ ಮೂಲೆ ಸೇರಿದಳು.

ಆಯ್ಕೆಯ ದಿನವೂ ಕಳೆದುಹೋಯಿತು.

ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಸಾವಿತ್ರೆವ್ವ ನಿಂತಿದ್ದಳು. ಜೊತೆಗೆ ಗುರುತಿಲ್ಲದ ಒಬ್ಬ ಮುದುಕಿ. ಹಿಂದೆ, ತೀರಾ ಇಳಿದುಹೋಗಿದ್ದ ವಿರೂಪಾಕ್ಷ.

ಮುದುಕಿ ಉಮಾಶ್ರೀಯ ಎರಡೂ ಕೈ ಹಿಡಿದುಕೊಂಡಳು. "ನಾ ಯಲ್ಲವ್ವ ಅಂತ, ಸವದತ್ತಿಯಾಕಿ. ನನಗ ಕಿವಿ ಕೇಳಸೂದಿಲ್ಲ. ಗುಡ್ಡದ ತಿರುವಿನ್ಯಾಗ ರಸ್ತೆ ದಾಟಾಕಹತ್ತಿದ್ದೆ. ಈ ಹುಡುಗ ಗಾಳಿಗತೆ ಬಂದಾಂವ ಗಕ್ಕನ ಬ್ರೇಕ್ ಹಿಡದ. ಸೈಕಲ್ಲ ನನ್ನ ಸೀರಿಗೆ ತಾಗಿ ನಿಂತುಬಿಡ್ತು. ಅಂವ ಹಾರಿ ಬಿದ್ದ. ನಾ ಅಂಜಿ ರಾಮದುರ್ಗಕ್ಕ ಮಗಳ ಮನಿಗೆ ಓಡಿಹೋದೆ. ಬಂದ ಮ್ಯಾಲ ಇವರ ಮನಿ ಹುಡುಕಿದೆ. ಆ ಬ್ರೇಕ್ ಹಿಡೀದಿದ್ರ ನಾ ಇವತ್ತ ಇರತಿದ್ದಿಲ್ಲವ್ವ."

ಹಿಡಿದಿತ್ತು... ತನ್ನ ಬ್ರೇಕು ಹಿಡಿದಿತ್ತು! ಉಮಾಶ್ರೀ ಹೊಸ್ತಿಲಲ್ಲೇ ಕೂತುಬಿಟ್ಟಳು. ಇಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು.

ಸಾವಿತ್ರೆವ್ವ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು. "ಹೆಂಗ ಬಿದ್ದ ಅನ್ನೂದು ಇಂವಗ ನೆನಪಿರಲಿಲ್ಲ. ನಾ ನಿನಗ ಅನಬಾರದ್ದು ಅಂದೆ. ಇಂವ ನಿನ್ನ ಕೇಳಿದಾಗೂ, ಆಕಿ ನೋಡಾಕ ಬರಲೇ ಇಲ್ಲಂತ ಸುಳ್ಳ ಹೇಳಿದೆ. ತಪ್ಪಾತವ್ವ."

ಇಬ್ಬರು ಹೆಂಗಸರೂ ಒಳಗೆ ಹೋದರು. ವಿರೂಪಾಕ್ಷ ಅವಳೆದುರು ಕುಳಿತ. ದವಡೆಗೆ ತಂತಿ ಬಿಗಿದಿದ್ದರಿಂದ ಹಲ್ಲು ಕಚ್ಚಿಕೊಂಡೇ ಮಾತಾಡಬೇಕಿತ್ತು.

"ನಿಮ್ಮ ಮಾತ ಮೀರಿ ಗುಡ್ಡಾ ಇಳಿದೆ. ತಪ್ಪ ನಂದ್ರಿ."

"ಮಾತಾಡಬ್ಯಾಡ್ರಿ, ನೋವಾಗತೈತಿ."

"ನೀವು ಬರಲಿಲ್ಲ ಅಂದಾಗ ಆದಷ್ಟು ನೋವು ಇದರಾಗಿಲ್ಲ." ಅವನ ಕಣ್ಣು ತುಂಬಿದ್ದವು. "ನನ್ನ ಮದವಿ ಆಗ್ತೀರೇನ್ರಿ?"

ಉಮಾಶ್ರೀ ಕಣ್ಣೊರೆಸಿಕೊಂಡಳು. "ತಂತಿ ಬಿಚ್ಚಿದ ಮ್ಯಾಲ ಬಾಯಿ ತುಂಬ ಇನ್ನೊಮ್ಮೆ ಕೇಳ್ರಿ."

"ಆವಾಗ ಹೂಂ ಅಂತೀರೇನು?"

"ಹೂಂ ಈಗೂ ಅಂತೇನಿ... ಆದ್ರ, ಇನ್ನೊಮ್ಮೆ ಕೇಳಿಸಿಕೋಬೇಕು ನನಗ."