ಎರೆಹೊಲದ ಹೆಪ್ಪು

ಹಿರೇಮಡ್ಡಿಯ ಎರೆಹೊಲಗಳಲ್ಲಿ ಈಗ ಬೆಳೆಯುವ ಜೋಳದ ಎತ್ತರ ಎಷ್ಟೆಂದರೆ, ತೆನೆ ತಿನ್ನಲು ಹಾರುವ ಗುಬ್ಬಿ ದಾರಿಯಲ್ಲಿ ಎರಡು ಕಡೆ ಕೂತು ದಣಿವಾರಿಸಿಕೊಳ್ಳುತ್ತದೆ. ನಂಬದವರು 2061ರಲ್ಲಿ ಡೋಣಿ ನದಿಯ ದಂಡೆಗೆ ಬಂದು ನೋಡಬಹುದು. ಬರುವಾಗ ಕುತ್ತಿಗೆಗೆ ಎಣ್ಣೆ ಹಚ್ಚಿಕೊಂಡು ಬರಲಿ. ಮೇಲೆ ನೋಡಿ ನೋಡಿ ಉಳುಕಿದರೆ ಊರಿನವರು ಹೊಣೆಯಲ್ಲ.

ಬಿತ್ತನೆಯ ದಿನ ಹೆಂಗಸರು ತಲೆಯ ಮೇಲೆ ಹುಳಿ ಅಂಬಲಿಯ ಗಡಿಗೆ ಹೊತ್ತು ಬರುತ್ತಾರೆ. ಕೂರಿಗೆಯ ಹಿಂದೆ ನಡೆಯುತ್ತ ಸಾಲಿಗೆ ಬೊಗಸೆ ಬೊಗಸೆ ಚೆಲ್ಲುತ್ತಾರೆ. ಗೊಬ್ಬರದ ಕೆಲಸ ಅಲ್ಲಿಗೆ ಮುಗಿಯಿತು. ಯೂರಿಯಾ ಚೀಲವಿಲ್ಲ, ಅದನ್ನು ಹೊತ್ತು ತರುವ ಲಾರಿಯಿಲ್ಲ, ಗೊಬ್ಬರದಂಗಡಿಯ ಮುಂದೆ ಚಪ್ಪಲಿ ಇಟ್ಟು ಪಾಳಿ ಹಿಡಿಯುವ ಗೋಜಿಲ್ಲ.

ಆ ಗಡಿಗೆಗಳನ್ನು ಕಂಡಾಗಲೆಲ್ಲ ಡಾ. ನಸೀಮಾ ಮಕಾನದಾರಳಿಗೆ ನಗು ಬರುತ್ತದೆ. ನಾಲ್ಕು ವರ್ಷದ ಕೆಳಗೆ ಅಂಥದೇ ಒಂದು ಗಡಿಗೆ ಅವಳನ್ನು ಅಳಿಸಿತ್ತು.

ನಸೀಮಾ ಸೂಕ್ಷ್ಮಜೀವಿಗಳ ವಿಜ್ಞಾನಿ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿರುವುದು ಸಾರಜನಕ. ಬೆಳೆಗೆ ಬೇಕಾದದ್ದೂ ಅದೇ. ಆದರೆ ಗಾಳಿಯಲ್ಲಿ ಅದರ ಪರಮಾಣುಗಳು ಜೋಡಿಜೋಡಿಯಾಗಿ ತಬ್ಬಿಕೊಂಡಿರುವ ರೀತಿಗೆ ಹೊಸ ಮದುಮಕ್ಕಳೂ ನಾಚಬೇಕು. ಆ ಅಪ್ಪುಗೆ ಬಿಡಿಸಲು ಕಾರ್ಖಾನೆಗಳು ಕಡಲಾಚೆಯ ನೆಲದಡಿಯಿಂದ ಅನಿಲ ತರಿಸಿ, ಕುಲುಮೆಯ ಕಾವನ್ನೂ ಬೆಟ್ಟದಂಥ ಒತ್ತಡವನ್ನೂ ಕೊಟ್ಟು ಯೂರಿಯಾ ಮಾಡುತ್ತಿದ್ದವು. ಅಲ್ಲೆಲ್ಲೋ ಒಂದು ಹಡಗು ತಡವಾದರೆ ಇಲ್ಲಿ ಹಿರೇಮಡ್ಡಿಯ ರೊಟ್ಟಿ ತೆಳ್ಳಗಾಗುತ್ತಿತ್ತು. ನಸೀಮಾ ಸಾಕಿದ ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಜೋಳದ ಬೇರಿನ ಪಕ್ಕ ಕೂತು, ಕಿಡಿ ಬೆಂಕಿಯಿಲ್ಲದೆ ಮಾಡಿಬಿಡುತ್ತಿತ್ತು. ಆದರೆ ಪ್ರಯೋಗಾಲಯದಲ್ಲಿ ಮಾತ್ರ. ಹೊಲಕ್ಕೆ ಸುರಿದರೆ ಮೂರೇ ದಿನಕ್ಕೆ ಸಾಯುತ್ತಿತ್ತು.

ಹೀಗೆ ಮೂರು ವರ್ಷ ಸತ್ತಿತು. ಅಷ್ಟೂ ವರ್ಷ ಪ್ರಯೋಗಕ್ಕೆ ಎರಡು ಎಕರೆ ಬಿಟ್ಟುಕೊಟ್ಟವಳು ನಸೀಮಾ ಬಾಡಿಗೆಗಿದ್ದ ಮನೆಯ ಒಡತಿ ಕಸ್ತೂರೆವ್ವ. ಅವಳು ರೊಟ್ಟಿ ಬಡಿಯತೊಡಗಿದರೆ ಪಕ್ಕದೂರಿನವರು ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಅಂಥವಳ ಹೊಲದ ಜೋಳ, ಸಾರಜನಕ ಸಿಗದೆ, ಬುಡದ ಎಲೆಯಿಂದ ಮೇಲಕ್ಕೆ, ಅರಿಸಿನ ಬಳಿದ ಹಾಗೆ ಹಳದಿ.

"ಯಾಕ ಕಸ್ತೂರೆವ್ವ, ಹೊಲಕ್ಕ ಕಾಮಣಿ ಆಗೇದೇನ?" ಎಂದು ಕಾಮಾಲೆ ರೋಗದ ಹೆಸರೆತ್ತಿ ಊರು ಕಾಡುತ್ತಿತ್ತು.

2057ರಲ್ಲಿ ಕಾಗದ ಬಂತು: ಎಳ್ಳಮಾವಾಸ್ಯೆಯಾದ ಇಪ್ಪತ್ತನೆಯ ದಿನ ಪರೀಕ್ಷಾ ಸಮಿತಿ ಬರುತ್ತದೆ, ಬೆಳೆ ಹಳದಿಯೇ ಇದ್ದರೆ ಯೋಜನೆ ಮುಚ್ಚಿ, ಬ್ಯಾಕ್ಟೀರಿಯಾವನ್ನು ಸುಟ್ಟುಹಾಕಬೇಕು. ನಸೀಮಾಳ ಬಳಿ ಉಳಿದಿದ್ದದ್ದು ಒಂದೇ ಬಾಟಲಿ. ಅದನ್ನವಳು ಕಸ್ತೂರೆವ್ವನ ಅಡುಗೆಮನೆಯ ತಂಪು ಮೂಲೆಯಲ್ಲಿಟ್ಟಿದ್ದಳು.

ಎಳ್ಳಮಾವಾಸ್ಯೆ ಎಂದರೆ ಹೊಲದಲ್ಲಿ ಚರಗ ಚೆಲ್ಲುವ ಹಬ್ಬ. ಕಡುಬು, ರೊಟ್ಟಿ, ಪಲ್ಲೆ, ಅಂಬಲಿ ಎಲ್ಲವನ್ನೂ ಮೊದಲು ಭೂಮಿತಾಯಿಗೆಂದು ಹೊಲದ ಸುತ್ತ ಎರಚಿ, ಆಮೇಲೆ ತಾವು ಉಣ್ಣುವುದು. ಹಬ್ಬದ ಮರುದಿನ ಬೆಳಿಗ್ಗೆ ನಸೀಮಾ ನೋಡುತ್ತಾಳೆ, ಬಾಟಲಿಯನ್ನು ಫಳಫಳ ತೊಳೆದು ಬೋರಲು ಹಾಕಿದೆ.

"ಕಾಕೂ! ಇದರಾಗಿಂದು ಎಲ್ಲಿ ಹೋತು?"

"ಅಂಬಲಿಗೆ ಹಾಕಿನ್ರಿ ಡಾಕ್ಟರ್‌ಬಾಯಾರ. ಥಂಡಿಗೆ ಹುಳೀನ ಹಿಡೀವಲ್ದಾಗಿತ್ತು."

"ಅಯ್ಯೋ, ಅದು ಹೊಲಕ್ಕ ಹಾಕೋದು!"

"ಭೂಮಿಗೆ ಹೆಪ್ಪು ಅಂತ ನೀವ ಅಂದಿದ್ರೆಲ್ಲ? ಹೆಪ್ಪ ಯಾರರೆ ಬರೇ ನೆಲಕ್ಕ ಸುರೀತಾರೇನು? ನೆಲ ಮಸರಾಗತೈತೇನ್ರಿ? ಹೆಪ್ಪಿಗೆ ಮದಲ ಒಂದ ಗಡಿಗಿ ಬೇಕು!"

ಮಾತು ನಸೀಮಾಳದೇ. ಬ್ಯಾಕ್ಟೀರಿಯಾ ಅಂದರೇನು ಎಂದು ಕಸ್ತೂರೆವ್ವ ಕೇಳಿದ್ದಾಗ, ಬೇರೇನೂ ತೋಚದೆ 'ಭೂಮಿಗೆ ಹೆಪ್ಪು ಇದ್ದಂಗ' ಎಂದಿದ್ದಳು.

"ಆ ಅಂಬಲಿ ಯಾರ್ಯಾರು ಕುಡದ್ರು?"

"ಓಣಿ ಪೂರಾ ಕುಡೀತು. ನೀವೂ ಎರಡ ವಾಟಿ ಏರ್ಸಿದ್ರಿ, ಭಾಳ ರುಚಿ ಆಗೇದ ಕಾಕು ಅಂತ."

ನಸೀಮಾ ಹೊಟ್ಟೆ ಹಿಡಿದು ಕುಸಿದಳು. ಹೊಟ್ಟೆಗೇನೂ ಆಗಲಿಲ್ಲ, ಅದು ಮನುಷ್ಯರ ತಂಟೆಗೆ ಬರುವ ಜೀವಿಯಲ್ಲ. ಆದರೆ ಹದಿನಾಲ್ಕು ವರ್ಷದ ದುಡಿಮೆ ಒಂದು ಗಡಿಗೆ ಅಂಬಲಿಯಲ್ಲಿ ಕರಗಿಹೋಗಿತ್ತು. ಅವಳು ಅತ್ತ ಅಳುವಿಗೆ ಡೋಣಿ ನದಿ ಎರಡು ಗೇಣು ಏರಿತೆಂದು ದನ ಕಾಯುವವರು ಇಂದಿಗೂ ಆಣೆ ಮಾಡುತ್ತಾರೆ.

ಹಬ್ಬವಾದ ಹನ್ನೆರಡನೆಯ ದಿನ, ಪ್ರಯೋಗದ ಫಲಕ ಕಿತ್ತು ತರೋಣವೆಂದು ಹೊಲಕ್ಕೆ ಹೋದವಳು ಬದುವಿನ ಮೇಲೆ ಕಂಬದಂತೆ ನಿಂತಳು. ಹಳದಿ ಜೋಳದ ಅಂಚಿನುದ್ದಕ್ಕೂ, ನಾಲ್ಕು ಹೆಜ್ಜೆಗೊಂದು, ಬೀಸಣಿಗೆಯಾಕಾರದ ಹಸಿರು ಪಟ್ಟೆ! ಎಂಥ ಹಸಿರು! ಅಲ್ಲಿಗೆ ಬಂದ ಗಿಳಿಗಳು ತಮ್ಮ ರೆಕ್ಕೆ ಮಾಸಿದೆಯೆಂದು ನಾಚಿ ವಾಪಸು ಹೋಗುತ್ತಿದ್ದವು. ಅವು ಕಸ್ತೂರೆವ್ವ ನಡೆಯುತ್ತ ನಡೆಯುತ್ತ ಕೈಬೀಸಿ ಚರಗ ಎರಚಿದ ಗುರುತುಗಳು.

ನಸೀಮಾ ಬೇರು ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟಳು. ಅವಳ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೇ ವಿಷ, ಬರಿ ಹೊಲದಲ್ಲಿ ಅದು ಸಾಯುತ್ತಿದ್ದುದು ಅದಕ್ಕೇ. ಅಂಬಲಿಯ ಹುಳಿಜೀವಿಗಳು ಆ ಆಮ್ಲಜನಕವನ್ನೆಲ್ಲ ತಾವೇ ನುಂಗಿ, ಬ್ಯಾಕ್ಟೀರಿಯಾದ ಸುತ್ತ ಲೋಳೆಯ ಕಂಬಳಿ ಹೊದಿಸಿ, ತಿನ್ನಲು ಗಂಜಿಯನ್ನೂ ಇಟ್ಟು ಬಾಣಂತನ ಮಾಡುತ್ತಿದ್ದವು.

"ಕಾಕು, ಆ ಅಂಬಲಿ ಒಂದ ಚಮಚಾನರೆ ಉಳದದೇನು?"

"ಗಡಿಗಿ ಅವತ್ತ ತಿಕ್ಕಿ ಇಟ್ಟಿನ್ರಿ."

ನಸೀಮಾಳ ಮುಖ ಇಳಿದುಹೋಯಿತು. ಉಳಿದದ್ದು ಎಂಟು ದಿನ. ಬದುವಿನ ಪಟ್ಟೆ ನೋಡಿ ಯಾವ ಸಮಿತಿಯೂ ಒಪ್ಪದು.

"ಮಾರಿ ಯಾಕ ಸಣ್ಣ ಮಾಡ್ತೀರಿ? ಹಬ್ಬದ ದಿನ ಹನ್ನೊಂದ ಮನಿಯವ್ರು ಹೆಪ್ಪಿಗಂತ ವಾಟಿ ಹಿಡಕೊಂಡ ಬಂದಿದ್ರು. ಕೊಟ್ಟು ಕಳಿಸೀನಿ. ಅವ್ರ ಕಡಿಂದ ಇನ್ನ ಎಷ್ಟ ಮಂದಿ ಒಯ್ದಾರೋ ಯಾಂವ ಬಲ್ಲ!"

ಸಂಜೆಯೊಳಗೆ ಕಸ್ತೂರೆವ್ವನ ಹೊಲಕ್ಕೆ ನಲವತ್ತೊಂದು ಗಡಿಗೆಗಳ ಮೆರವಣಿಗೆ ಬಂತು. ಕಾಮಣಿ ಎಂದು ಕಾಡಿದ್ದವರೇ ಮುಂದೆ. ಎರಡೂ ಎಕರೆ ಅಂಬಲಿ ಕುಡಿದು ತೇಗಿದ ಸದ್ದು ಮೂರು ಹಳ್ಳಿಗೆ ಕೇಳಿತು.

ಇಪ್ಪತ್ತನೆಯ ದಿನ ಬಂದ ಸಮಿತಿಯ ಮುಖ್ಯಸ್ಥರು ಮಂಡ್ಯದ ಕಡೆಯ ಡಾ. ಪರ್ವತೇಗೌಡರು. ಹಸಿರು ನೋಡಿ ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು, ಮತ್ತೆ ಒರೆಸಿಕೊಂಡರು.

"ಏನಮ್ಮಾ, ಕದ್ದು ಯೂರಿಯಾ ಹಾಕಿ ನಮ್ಮನ್ನ ಯಾಮಾರಿಸ್ತಿದೀರಾ?"

ಕಸ್ತೂರೆವ್ವ ಸೀರೆಯ ಅಂಚು ತುಸು ಎತ್ತಿ ಬರಿಗಾಲು ತೋರಿಸಿದಳು. "ಯೂರಿಯಾ ಎಲ್ಲೈತ್ರಿ ಸಾಹೇಬ್ರ? ನನ್ನ ಇನ್ನೊಂದ ಹೊಲಕ್ಕಂತ ಹಚ್ಚಿದ ಪಾಳಿ ತಿಂಗಳಾತು. ಹಡಗ ಬರಲಿಲ್ಲ, ಅಂಗಡಿ ಕೀಲಿ ತಗೀಲಿಲ್ಲ. ಚಪ್ಪಲಿ ಇನ್ನೂ ಅಲ್ಲೇ ನಿಂತಾವ. ಹೋಗಿ ನೋಡ್ರಿ, ಎಡಗಾಲಿಂದಕ್ಕ ಕೆಂಪು ಉಂಗುಷ್ಠ ಐತಿ."

ಗೌಡರು ನಿಜಕ್ಕೂ ಹೋಗಿ ನೋಡಿದರು. ಬೀಗ ಜಡಿದ ಅಂಗಡಿಯ ಮುಂದೆ ಇನ್ನೂರಾರು ಜೊತೆ ಚಪ್ಪಲಿ. ಹದಿನೆಂಟನೆಯ ಜೊತೆಯಲ್ಲಿ, ಎಡಗಾಲಿನ ಹೆಬ್ಬೆರಳು ತೂರಿಸುವ ಉಂಗುಷ್ಠ ಕೆಂಪು. ಮಣ್ಣು ಪರೀಕ್ಷಿಸಿದರು, ಎಲೆ ಪರೀಕ್ಷಿಸಿದರು. ಕೊನೆಗೆ ಸುಡುವ ಆದೇಶವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡು, ತಮ್ಮ ಊಟದ ಡಬ್ಬಿ ಚಾಚಿದರು.

"ತಾಯೀ, ನಮ್ಮನೆಗೂ ಒಂಚೂರು ಹೆಪ್ಪು ಕೊಡ್ತೀರಾ?"

ಮುಂದಿನದು ಜಗತ್ತಿಗೇ ಗೊತ್ತು. ಆ ಹೆಪ್ಪನ್ನು ಪೊಟ್ಟಣದಲ್ಲಿ ಮಾರಲು ಹೊರಟವರನ್ನು ಕಂಡು ಹೆಂಗಸರು ನಕ್ಕ ನಗೆಗೆ ಪೊಟ್ಟಣಗಳೇ ಒಡೆದವು. ಪಕ್ಕದ ಮನೆಯಲ್ಲಿ ಕೇಳಿದರೆ ಸಿಗುವ ಹೆಪ್ಪನ್ನು ಕೊಳ್ಳುವವರುಂಟೆ? ವಾಟಿಯಿಂದ ವಾಟಿಗೆ ದಾಟುತ್ತ ಅದು ಎರಡು ವರ್ಷದಲ್ಲಿ ಹದಿನೇಳು ದೇಶ ಸುತ್ತಿತು. ಭತ್ತದವರು ಗಂಜಿಯಲ್ಲಿ ಬೆರೆಸಿದರು, ರಾಗಿಯವರು ರಾಗಿ ಅಂಬಲಿಯಲ್ಲಿ. ಅನಿಲದ ಹಡಗುಗಳು ದಿಕ್ಕು ತೋಚದೆ ಬಂದರಿನಲ್ಲಿ ಆಕಳಿಸಿದವು.

ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿ ನಸೀಮಾಳ ಖಾಲಿ ಬಾಟಲಿಯ ಪಕ್ಕ, ಗಾಜಿನೊಳಗೆ, ಕಸ್ತೂರೆವ್ವನ ಆ ಚಪ್ಪಲಿಗಳಿವೆ. ಒಂದು ಜೊತೆ ಚಪ್ಪಲಿ ಹಡಗಿಗಾಗಿ ತಿಂಗಳಿಡೀ ಕಾದಿತ್ತೆಂದರೆ ನೋಡಲು ಬಂದವರು ನಂಬುವುದಿಲ್ಲ. ಈ ಕತೆಯಲ್ಲಿ ಉಳಿದದ್ದನ್ನೆಲ್ಲ ನಂಬಿ, ಅದೊಂದನ್ನು ಮಾತ್ರ ಉತ್ಪ್ರೇಕ್ಷೆ ಎನ್ನುತ್ತಾರೆ.

ಆದರೆ ನಿಜವಾದದ್ದು ಅದೊಂದೇ. ನೀವು ಇದನ್ನು ಓದುತ್ತಿರುವ ಈ ಬೆಳಿಗ್ಗೆಯೂ ಎಲ್ಲೋ ಒಂದು ಅಂಗಡಿಯ ಮುಂದೆ, ಬಿಸಿಲಿನಲ್ಲಿ, ಚಪ್ಪಲಿಗಳು ಪಾಳಿ ಹಚ್ಚಿ ನಿಂತಿವೆ. ಅವುಗಳ ಒಡತಿಯ ಅಡುಗೆಮನೆಯ ಮೂಲೆಯಲ್ಲಿ, ತಟ್ಟೆ ಮುಚ್ಚಿದ ಗಡಿಗೆಯೊಂದು ಸದ್ದಿಲ್ಲದೆ ಹುಳಿಯಾಗುತ್ತಿದೆ.